ಗರ್ಭದ ಮೊದಲ ವಾರಗಳು ಮತ್ತು ಶಿಲೀಂಧ್ರನಾಶಕ ಔಷಧಗಳು: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯೊಂದರಲ್ಲಿ ಕಾರ್ಯಸೂಚಿ ಮುಗಿದು ಎಲ್ಲರೂ ಏಳುವ ಹೊತ್ತಿಗೆ ಸದಸ್ಯೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪ್ರಶ್ನೆ ಕೇಳಿದರು. ಅವರ ವಾರ್ಡಿನ ಹೆಣ್ಣುಮಗಳೊಬ್ಬಳು ತೊಡೆಸಂದಿನ ಹುಳುಕಡ್ಡಿಗೆಂದು ಔಷಧ ಅಂಗಡಿಯಿಂದ ಮಾತ್ರೆ ತರಿಸಿ ನುಂಗಿದ್ದಳು. ಹತ್ತು ದಿನಗಳ ತರುವಾಯ ಗರ್ಭ ನಿಂತಿರುವುದು ತಿಳಿದುಬಂದಿತು. "ಆ ಮಾತ್ರೆ ತಿಂದಿದ್ದರೆ ಮಗು ಊನವಾಗಿ ಹುಟ್ಟುತ್ತದೆ, ತೆಗೆಸಿಬಿಡಿ ಅಂತ ಯಾರೋ ಅವರ ಮನೆಯವರಿಗೆ ಹೇಳಿದ್ದಾರೆ ಸಾರ್. ನಿಜವೇ?" ಎಂಬುದು ಅವರ ಪ್ರಶ್ನೆ. ಸಭೆಯಲ್ಲಿ ಎದ್ದುನಿಂತು ಕೇಳಲು ಸಂಕೋಚವಾದ ಈ ಪ್ರಶ್ನೆಯಲ್ಲಿ ಒಂದು ಜೀವದ ಅಳಿವು ಉಳಿವು ಅಡಗಿತ್ತು. ಸಭೆಯ ನಡಾವಳಿಯಲ್ಲಿ ದಾಖಲಾಗದ ಆ ಮಾತನ್ನು ಈ ಪತ್ರಿಕೆಯ ಮೂಲಕ ಎಲ್ಲ ಸದಸ್ಯರ ಮುಂದಿಡುವುದು ಉಚಿತವೆಂದು ತೋರಿತು.

ಗರ್ಭಿಣಿಯರಲ್ಲಿ ಶಿಲೀಂಧ್ರದ ಸೋಂಕು, ಅಂದರೆ ಜನರು ಫಂಗಸ್ ಎಂದು ಕರೆಯುವ ಸೋಂಕು, ಅಪರೂಪದ್ದೇನಲ್ಲ. ಮುಖ್ಯವಾಗಿ ಎರಡು ಬಗೆಯವನ್ನು ನಮ್ಮ ಹಳ್ಳಿಗಳಲ್ಲಿ ಕಾಣುತ್ತೇವೆ. ಮೊದಲನೆಯದು ಜನನಾಂಗದ ಸೋಂಕು. ಕ್ಯಾಂಡಿಡಾ ಎಂಬ ಶಿಲೀಂಧ್ರವು ಆರೋಗ್ಯವಂತ ಸ್ತ್ರೀಯರ ದೇಹದಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇರಬಲ್ಲದು. ಗರ್ಭ ನಿಂತಾಗ ಈಸ್ಟ್ರೊಜೆನ್ ಹಾರ್ಮೋನು ಏರುವುದರಿಂದ ಯೋನಿಯ ಒಳಪದರದಲ್ಲಿ ಸಕ್ಕರೆಯ ರೂಪದ ಆಹಾರ ಹೆಚ್ಚುತ್ತದೆ. ಅದನ್ನು ಉಂಡು ಈ ಶಿಲೀಂಧ್ರ ಬೆಳೆಯುತ್ತದೆ. ಒಡೆದ ಮೊಸರಿನಂತಹ ಬಿಳಿ ಸ್ರಾವ, ತೀವ್ರ ತುರಿಕೆ, ಮೂತ್ರ ಮಾಡುವಾಗ ಉರಿ ಇದರ ಲಕ್ಷಣಗಳು. ಎರಡನೆಯದು ಚರ್ಮದ ಹುಳುಕಡ್ಡಿ ಅಥವಾ ಗಜಕರ್ಣ. ಒಂದೇ ಟವೆಲ್ಲು, ಒಂದೇ ಹಾಸಿಗೆ, ಸರಿಯಾಗಿ ಒಣಗದ ಒಳ ಉಡುಪು, ಇಷ್ಟು ಸಾಕು ಇದು ಮನೆಮಂದಿಗೆಲ್ಲ ಹರಡಲು. ಈ ಎರಡೂ ಸೋಂಕುಗಳು ಸಾಮಾನ್ಯವಾಗಿ ತಾಯಿಯ ಜೀವಕ್ಕಾಗಲಿ ಗರ್ಭದ ಕೂಸಿಗಾಗಲಿ ಅಪಾಯ ತರುವಂಥವಲ್ಲ. ಆದರೆ ನಿದ್ದೆ ಕೆಡಿಸುತ್ತವೆ, ನಾಚಿಕೆ ಹುಟ್ಟಿಸುತ್ತವೆ. ಆ ನಾಚಿಕೆಯ ಕಾರಣದಿಂದಲೇ ಹೆಣ್ಣುಮಕ್ಕಳು ವೈದ್ಯರ ಬಳಿಗೆ ಹೋಗುವುದರ ಬದಲು ಅಂಗಡಿಯ ಮಾತ್ರೆಗೆ ಕೈಚಾಚುತ್ತಾರೆ.

ವಾರಗಳ ಲೆಕ್ಕ

ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಲಾಗುತ್ತದೆ. ಗರ್ಭ ಕಟ್ಟುವುದು ಅದಾದ ಸುಮಾರು ಎರಡು ವಾರಗಳ ನಂತರ. ಮುಂದಿನ ಮುಟ್ಟು ನಿಂತಿತೆಂದು ಗಮನಕ್ಕೆ ಬರುವಷ್ಟರಲ್ಲಿ ಲೆಕ್ಕದಲ್ಲಿ 4 ವಾರ ತುಂಬಿರುತ್ತದೆ. 5ನೇ ವಾರದಿಂದ 10ನೇ ವಾರದವರೆಗಿನ ಅವಧಿಯಲ್ಲಿ ಹೃದಯ, ಮೆದುಳು, ಬೆನ್ನುಹುರಿ, ಕೈಕಾಲು, ಮುಖ ಇವೆಲ್ಲವುಗಳ ಮೂಲರಚನೆ ನಡೆಯುತ್ತದೆ. ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು 6ನೇ ವಾರದ ಆಸುಪಾಸಿನಲ್ಲಿ; ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಅತ್ತೆಗೂ ವಿಷಯ ತಿಳಿದಿರುವುದಿಲ್ಲ.

ಗರ್ಭಿಣಿಯನ್ನು 12 ವಾರಗಳೊಳಗೆ ನೋಂದಾಯಿಸಿ ತಾಯಿ ಕಾರ್ಡ್ ನೀಡಬೇಕೆಂಬುದು ನಮ್ಮೆಲ್ಲರ ಗುರಿ. ಈ ಗುರಿ ಸಾಧಿಸಿದ ಉಪಕೇಂದ್ರಗಳನ್ನು ನಾವು ಮೆಚ್ಚುತ್ತೇವೆ, ಮೆಚ್ಚಲೇಬೇಕು. ಆದರೆ ಔಷಧಗಳ ವಿಷಯದಲ್ಲಿ ನೋಡಿದರೆ, 12ನೇ ವಾರಕ್ಕೆ ಕಾರ್ಡ್ ಕೈಸೇರುವ ವೇಳೆಗೆ ಅಂಗಗಳು ರೂಪುಗೊಳ್ಳುವ ಕಾಲ ಬಹುಪಾಲು ಕಳೆದುಹೋಗಿರುತ್ತದೆ. "ಗರ್ಭಿಣಿಯಾದ ಮೇಲೆ ಜಾಗ್ರತೆ ವಹಿಸಿ" ಎಂಬ ಉಪದೇಶ ಅಷ್ಟರಮಟ್ಟಿಗೆ ತಡವಾಗಿಯೇ ತಲಪುತ್ತದೆ. ಮದುವೆಯಾದ, ಗರ್ಭನಿರೋಧಕ ಬಳಸದ ಯಾವುದೇ ಹೆಣ್ಣುಮಗಳಿಗೆ ನುಂಗುವ ಮಾತ್ರೆ ಕೊಡುವ ಮುನ್ನ "ಕೊನೆಯ ಮುಟ್ಟು ಯಾವಾಗ ಆಗಿತ್ತು?" ಎಂದು ಕೇಳುವುದೇ ನಿಜವಾದ ಜಾಗ್ರತೆ. ಸಂದೇಹವಿದ್ದಲ್ಲಿ ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ದೊರೆಯುವ ನಿಶ್ಚಯ್ ಕಿಟ್‌ನಿಂದ ಮೂತ್ರಪರೀಕ್ಷೆ ಮಾಡಿಕೊಳ್ಳಲು ಐದು ನಿಮಿಷ ಸಾಕು.

ನುಂಗುವ ಮಾತ್ರೆಗೂ ಹಚ್ಚುವ ಮುಲಾಮಿಗೂ ಇರುವ ಅಂತರ

ಒಂದೇ ಗುಂಪಿಗೆ ಸೇರಿದ ಔಷಧವಾದರೂ ನುಂಗಿದಾಗ ಒಂದು ಪರಿಣಾಮ, ಹಚ್ಚಿದಾಗ ಇನ್ನೊಂದು. ನುಂಗಿದ ಮಾತ್ರೆ ರಕ್ತಕ್ಕೆ ಸೇರಿ, ರಕ್ತದ ಮೂಲಕ ಮಾಸುವನ್ನು ದಾಟಿ ಕೂಸನ್ನು ತಲಪುತ್ತದೆ. ಹಚ್ಚಿದ ಮುಲಾಮು ಹೆಚ್ಚಾಗಿ ಹಚ್ಚಿದಲ್ಲೇ ಉಳಿಯುತ್ತದೆ. ಕ್ಲೋಟ್ರಿಮಜೋಲ್ ಎಂಬ ಔಷಧವನ್ನು ಯೋನಿಯೊಳಗೆ ಇಟ್ಟುಕೊಂಡಾಗ ಅದರಲ್ಲಿ ಶೇ. 3ರಿಂದ 10ರಷ್ಟು ಮಾತ್ರ ದೇಹಕ್ಕೆ ಹೀರಿಕೆಯಾಗುತ್ತದೆ. ಚರ್ಮಕ್ಕೆ ಹಚ್ಚಿದಾಗ ಇನ್ನೂ ಕಡಿಮೆ. ಹಲವು ದಶಕಗಳಿಂದ ಗರ್ಭಿಣಿಯರಲ್ಲಿ ಬಳಕೆಯಲ್ಲಿರುವ ಈ ಔಷಧದಿಂದ ಅಂಗದೋಷಗಳು ಹೆಚ್ಚಿದ್ದು ಕಂಡುಬಂದಿಲ್ಲ. ಆದುದರಿಂದ ಗರ್ಭಾವಸ್ಥೆಯಲ್ಲಿ ಜನನಾಂಗದ ಶಿಲೀಂಧ್ರ ಸೋಂಕಿಗೆ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಕ್ರೀಮು ಇಲ್ಲವೇ ಒಳಗಿಡುವ ಮಾತ್ರೆಯೇ ಮೊದಲ ಆಯ್ಕೆ. ಒಂದೇ ದಿನದ ಬದಲು 7 ರಾತ್ರಿ ಬಳಸುವುದು ಗರ್ಭಿಣಿಯರಿಗೆ ಹೆಚ್ಚು ಫಲಕಾರಿ. ಒಳಗಿಡುವ ಮಾತ್ರೆಯೊಂದಿಗೆ ಬರುವ ಪ್ಲಾಸ್ಟಿಕ್ ಕೊಳವೆಯನ್ನು ಬಳಸದೆ, ಕೈಯನ್ನು ಸೋಪಿನಿಂದ ತೊಳೆದು ಬೆರಳಿನಿಂದಲೇ ಇಟ್ಟುಕೊಳ್ಳುವುದು ಒಳ್ಳೆಯದೆಂದು ವೈದ್ಯರು ತಿಳಿಸುತ್ತಾರೆ. ಎರಡು ದಿನಕ್ಕೆ ತುರಿಕೆ ನಿಂತಿತೆಂದು ಉಳಿದುದನ್ನು ಬಿಟ್ಟುಬಿಡುವುದು ನಮ್ಮ ಕಡೆ ಸಾಮಾನ್ಯ. ಹಾಗೆ ಬಿಟ್ಟವರಿಗೆ ತಿಂಗಳೊಳಗೆ ಮತ್ತೆ ಅದೇ ಕಾಟ.

ಇನ್ನು ನುಂಗುವ ಮಾತ್ರೆಗಳ ವಿಚಾರ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫ್ಲುಕೊನಜೋಲ್, 150 ಮಿಲಿಗ್ರಾಂ. ಒಂದೇ ಮಾತ್ರೆ, ಕಡಿಮೆ ಬೆಲೆ, ನುಂಗಿದರೆ ಮುಗಿಯಿತು, ಜನಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಶಿಲೀಂಧ್ರವು ತನ್ನ ಕೋಶದ ಹೊರಪೊರೆಯನ್ನು ಕಟ್ಟಿಕೊಳ್ಳಲು ಬೇಕಾದ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂತಹ ವಸ್ತು ತಯಾರಾಗದಂತೆ ಈ ಔಷಧ ತಡೆಯುತ್ತದೆ. ಮನುಷ್ಯನ ದೇಹವೂ ಅಂಥದೇ ದಾರಿಯಲ್ಲಿ ಕೊಲೆಸ್ಟೆರಾಲನ್ನು ತಯಾರಿಸಿಕೊಳ್ಳುವುದರಿಂದ, ಔಷಧದ ಪ್ರಮಾಣ ಹೆಚ್ಚಾದಂತೆ ಬೆಳೆಯುತ್ತಿರುವ ಕೂಸಿನ ಮೇಲೂ ಅದರ ಪ್ರಭಾವ ಬೀಳಬಹುದೆಂಬುದು ವಿಜ್ಞಾನಿಗಳ ಊಹೆ.

ಈ ಬಗ್ಗೆ ತಿಳಿದಿರುವುದನ್ನು ಅಳತೆ ತಪ್ಪದೆ ಹೇಳಬೇಕು. ಅತಿಯಾಗಿ ಹೆದರಿಸಿದರೂ ಕೆಡುಕು, ಏನೂ ಆಗದೆಂದು ಹೇಳಿದರೂ ಕೆಡುಕು. 2011ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು ಒಂದು ಎಚ್ಚರಿಕೆ ಹೊರಡಿಸಿತು: ಗರ್ಭದ ಮೊದಲ ಮೂರು ತಿಂಗಳ ಬಹುಭಾಗ ದಿನವೂ 400ರಿಂದ 800 ಮಿಲಿಗ್ರಾಂ ಫ್ಲುಕೊನಜೋಲ್ ಸೇವಿಸಿದ ಕೆಲವು ತಾಯಂದಿರ ಮಕ್ಕಳಲ್ಲಿ ಸೀಳು ಅಂಗಳ, ಬಾಗಿದ ತೊಡೆಯ ಮೂಳೆ, ತೆಳುವಾದ ಪಕ್ಕೆಲುಬು, ಕೀಲುಗಳ ದೋಷ, ಹುಟ್ಟು ಹೃದಯದೋಷ ಇವೆಲ್ಲ ಒಟ್ಟಾಗಿ ಕಂಡುಬಂದಿವೆ ಎಂಬುದು ಅದರ ಸಾರ. ಇದು ತೀವ್ರ ಸೋಂಕಿಗೆ ತಿಂಗಳುಗಟ್ಟಲೆ ಕೊಡುವ ದೊಡ್ಡ ಪ್ರಮಾಣ. ಅಂಗಡಿಯಲ್ಲಿ ಸಿಗುವ ಒಂದು ಮಾತ್ರೆಯ ಮಾತಲ್ಲ.

ಆ ಒಂದು ಮಾತ್ರೆಯ ಬಗ್ಗೆ ದೊಡ್ಡ ಅಧ್ಯಯನಗಳು ನಡೆದದ್ದು ಡೆನ್ಮಾರ್ಕಿನಲ್ಲಿ. ಅಲ್ಲಿ ಪ್ರತಿ ಗರ್ಭ, ಪ್ರತಿ ಔಷಧ ಚೀಟಿ ದಾಖಲಾಗುವುದರಿಂದ ಇಂತಹ ಲೆಕ್ಕ ಸಾಧ್ಯವಾಗಿದೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆ ಪಡೆದ 7,352 ಗರ್ಭಗಳನ್ನು ಪರಿಶೀಲಿಸಲಾಯಿತು. ಅವರಲ್ಲಿ ಹೆಚ್ಚಿನವರು ಪಡೆದಿದ್ದುದು ಒಟ್ಟು 150 ಅಥವಾ 300 ಮಿಲಿಗ್ರಾಂ. ಒಟ್ಟಾರೆ ಅಂಗದೋಷಗಳು ಹೆಚ್ಚಾಗಿರಲಿಲ್ಲ. ಒಂದು ಅಪರೂಪದ ಹೃದಯದೋಷ ಮಾತ್ರ ಹತ್ತು ಸಾವಿರಕ್ಕೆ 3 ಇದ್ದುದು 10ರಷ್ಟಾಗಿತ್ತು. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು 7ರಿಂದ 22ನೇ ವಾರದ ನಡುವೆ ಈ ಮಾತ್ರೆ ಪಡೆದ 3,315 ಗರ್ಭಿಣಿಯರನ್ನು ಪಡೆಯದವರೊಂದಿಗೆ ಹೋಲಿಸಿತು. ಗರ್ಭಪಾತದ ಸಂಭವ ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿ ಕಂಡಿತು. ಸೋಂಕಿನಿಂದಲೇ ಗರ್ಭ ಜಾರಿರಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಅದಕ್ಕಾಗಿ ಅದೇ ಸೋಂಕಿಗೆ ಹಚ್ಚುವ ಔಷಧ ಬಳಸಿದವರೊಂದಿಗೂ ಹೋಲಿಸಲಾಯಿತು. ಆಗಲೂ ಮಾತ್ರೆ ನುಂಗಿದವರಲ್ಲೇ ಗರ್ಭಪಾತ ಹೆಚ್ಚು ಎಂಬ ಫಲ ಬಂದಿತು. ಇಂತಹ ಅಧ್ಯಯನಗಳು ಕಾರಣವನ್ನು ಖಚಿತವಾಗಿ ಸಾಬೀತುಪಡಿಸಲಾರವು. ಆದರೆ ಸುರಕ್ಷಿತವಾದ ಇನ್ನೊಂದು ದಾರಿ ಕೈಯಳತೆಯಲ್ಲಿರುವಾಗ ಇಷ್ಟು ಸಂದೇಹವಿರುವ ದಾರಿಯನ್ನು ಹಿಡಿಯುವುದೇಕೆ? ನುಂಗುವ ಫ್ಲುಕೊನಜೋಲನ್ನು ಗರ್ಭಿಣಿಯರಿಗೆ ಕೊಡಬಾರದೆಂಬ ಸಲಹೆಯ ಹಿಂದಿರುವ ವಿವೇಕ ಇಷ್ಟೇ.

ಸದಸ್ಯರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಜನನಾಂಗದ ಸೋಂಕುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಕಾರ್ಯಕ್ರಮದಡಿ ಬಣ್ಣದ ಕಿಟ್‌ಗಳನ್ನು ಉಚಿತವಾಗಿ ನೀಡಲಾಗುತ್ತದೆ. ಸ್ರಾವದ ತೊಂದರೆಗೆ ಮೀಸಲಾದ 2ನೇ ಸಂಖ್ಯೆಯ ಹಸಿರು ಕಿಟ್‌ನಲ್ಲಿ ಸೆಕ್ನಿಡಜೋಲ್ ಜೊತೆಗೆ ಇದೇ ಫ್ಲುಕೊನಜೋಲ್ 150 ಮಿಲಿಗ್ರಾಂ ಇರುತ್ತದೆ. ಗರ್ಭಿಣಿಯರಿಗೆ ಫ್ಲುಕೊನಜೋಲ್ ನುಂಗಲು ಕೊಡಬಾರದು, ಕ್ಲೋಟ್ರಿಮಜೋಲನ್ನು ಒಳಗಿಡಲು ಮಾತ್ರ ಕೊಡಬೇಕು ಎಂದು ಕಾರ್ಯಕ್ರಮದ ಮಾರ್ಗಸೂಚಿಯೇ ಹೇಳುತ್ತದೆ. ಕಿಟ್ ಕೆಟ್ಟದ್ದಲ್ಲ, ಗರ್ಭಿಣಿಯಲ್ಲದವರಿಗೆ ಅದು ತಕ್ಕ ಚಿಕಿತ್ಸೆ. ಆದರೆ ಒಬ್ಬರಿಗೆ ಕೊಟ್ಟ ಕಿಟ್ ಮನೆಯ ಇನ್ನೊಬ್ಬರ ಕೈಗೆ ಹೋಗುವುದು, ನಾದಿನಿಗೆ ಕೊಟ್ಟದ್ದನ್ನು ಅತ್ತಿಗೆ ನುಂಗುವುದು ನಮ್ಮ ಮನೆಗಳಲ್ಲಿ ನಡೆಯದ ಸಂಗತಿಯಲ್ಲ.

ಹುಳುಕಡ್ಡಿಯ ಮಾತ್ರೆಗಳು

ಹುಳುಕಡ್ಡಿಗೆ ಕೊಡುವ ಮಾತ್ರೆಗಳ ಅಪಾಯ ಒಂದು ದಿನದ್ದಲ್ಲ, ವಾರಗಳದ್ದು. ಫ್ಲುಕೊನಜೋಲನ್ನು ವಾರಕ್ಕೊಂದರಂತೆ ಹಲವು ವಾರ ಕೊಡುವ ರೂಢಿಯಿದೆ. ಇಟ್ರಾಕೊನಜೋಲ್ ಎಂಬ ಕ್ಯಾಪ್ಸೂಲನ್ನು ದಿನವೂ ಕೊಡುತ್ತಾರೆ. ಚರ್ಮ ಮತ್ತು ಉಗುರಿನ ಸೋಂಕಿಗೆ ಗರ್ಭಿಣಿಯರಾಗಲಿ ಗರ್ಭ ಧರಿಸಲಿಚ್ಛಿಸುವವರಾಗಲಿ ಇಟ್ರಾಕೊನಜೋಲ್ ಸೇವಿಸಬಾರದು. ಚಿಕಿತ್ಸೆ ಮುಗಿದ ನಂತರವೂ 2 ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕೆಂದು ಅಮೆರಿಕದಲ್ಲಿ ಅದರ ಔಷಧ ವಿವರಪತ್ರದಲ್ಲಿ ಸೂಚಿಸಲಾಗಿದೆ. ಗ್ರಿಸಿಯೊಫಲ್ವಿನ್ ಎಂಬ ಹಳೆಯ ಮಾತ್ರೆ ಇನ್ನೂ ಕೆಲವೆಡೆ ಬಳಕೆಯಲ್ಲಿದೆ. ಗರ್ಭಿಣಿಯರಿಗೆ ಅದು ನಿಷಿದ್ಧ. ಸ್ತ್ರೀಯರು ಅದನ್ನು ನಿಲ್ಲಿಸಿದ ಮೇಲೆ ಕನಿಷ್ಠ 1 ತಿಂಗಳು ಗರ್ಭ ಧರಿಸಬಾರದು. ಪುರುಷರೂ ಅದನ್ನು ನಿಲ್ಲಿಸಿದ 6 ತಿಂಗಳವರೆಗೆ ಮಗುವಿಗೆ ತಂದೆಯಾಗುವುದನ್ನು ಮುಂದೂಡಬೇಕೆಂಬ ಸೂಚನೆಯಿದೆ. ಗಂಡನ ಮಾತ್ರೆಯ ವಿಚಾರವೂ ಹೆಂಡತಿಯ ಗರ್ಭಕ್ಕೆ ಸಂಬಂಧಿಸಿದ್ದೆಂಬುದನ್ನು ನಮ್ಮಲ್ಲಿ ಯಾರೂ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಟರ್ಬಿನಫಿನ್ ಮಾತ್ರೆಯ ಬಗ್ಗೆ ಆತಂಕ ಕಡಿಮೆ. ಆದರೂ ಹೆರಿಗೆಯವರೆಗೆ ತಡೆಯಬಹುದಾದ ಸೋಂಕಿಗೆ ಅದನ್ನು ಆರಂಭಿಸುವುದಿಲ್ಲ.

ಗರ್ಭಿಣಿಯ ಹುಳುಕಡ್ಡಿಗೂ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಮುಲಾಮೇ ತಕ್ಕ ಚಿಕಿತ್ಸೆ. ವಾಸಿಯಾದಂತೆ ಕಂಡ ಮೇಲೂ ಕೆಲವು ದಿನ ಹಚ್ಚಬೇಕು, ಗಾಯದ ಅಂಚಿನಾಚೆಗೂ ಹಚ್ಚಬೇಕು. ಆದರೆ ಇಲ್ಲೊಂದು ಮೋಸವಿದೆ. ಅಂಗಡಿಯಲ್ಲಿ "ಹುಳುಕಡ್ಡಿ ಮುಲಾಮು" ಎಂದು ಕೇಳಿದರೆ ಎಷ್ಟೋ ಬಾರಿ ಕೈಗೆ ಬರುವುದು ಶಿಲೀಂಧ್ರನಾಶಕದ ಜೊತೆಗೆ ಕ್ಲೊಬೆಟಸಾಲ್‌ನಂತಹ ತೀಕ್ಷ್ಣ ಸ್ಟಿರಾಯ್ಡ್ ಬೆರೆತ ಕ್ರೀಮು. ಎರಡೇ ದಿನಕ್ಕೆ ತುರಿಕೆ ಮಾಯವಾಗುತ್ತದೆ, ಜನ ಅದನ್ನೇ ಹೊಗಳುತ್ತಾರೆ. ಒಳಗೆ ಮಾತ್ರ ಸೋಂಕು ಹರಡುತ್ತಾ ಹೋಗಿ, ಚರ್ಮ ತೆಳುವಾಗಿ, ಕೊನೆಗೆ ಮುಲಾಮಿನಿಂದ ವಾಸಿಯಾಗದೆ ಮಾತ್ರೆಯೇ ಬೇಕೆಂಬ ಸ್ಥಿತಿ ಬರುತ್ತದೆ. ಗರ್ಭಿಣಿಯರು ಇಂತಹ ತೀಕ್ಷ್ಣ ಸ್ಟಿರಾಯ್ಡನ್ನು ಹೆಚ್ಚು ಪ್ರಮಾಣದಲ್ಲಿ ಬಳಸಿದರೆ ಮಗುವಿನ ತೂಕ ಕಡಿಮೆಯಾಗುವ ಸಂಭವವೂ ಇದೆ. 2018ರಲ್ಲಿ ಕೇಂದ್ರ ಸರ್ಕಾರವು ಹಚ್ಚುವ ಸ್ಟಿರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ವ್ಯಾಪ್ತಿಗೆ ತಂದಿತು. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರುವಂತಿಲ್ಲ. ನಿಯಮ ಪುಸ್ತಕದಲ್ಲಿದೆ, ಪಾಲನೆ ಹೇಗಿದೆಯೆಂಬುದು ತಮ್ಮ ಊರಿನ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ತಮಗೇ ತಿಳಿದೀತು.

ಮಾತ್ರೆ ಈಗಾಗಲೇ ನುಂಗಿದ್ದರೆ

ಮೊದಲಿನ ಪ್ರಶ್ನೆಗೆ ಮರಳೋಣ. ಗರ್ಭ ನಿಂತಿರುವುದು ತಿಳಿಯದೆ ಒಂದು ಫ್ಲುಕೊನಜೋಲ್ ಮಾತ್ರೆ ನುಂಗಿದ್ದು, ಅಷ್ಟರಿಂದಲೇ, ಗರ್ಭ ತೆಗೆಸಲು ಕಾರಣವಾಗುವುದಿಲ್ಲ. ಹಾಗೆ ನುಂಗಿದ ಬಹುತೇಕ ತಾಯಂದಿರು ಆರೋಗ್ಯವಂತ ಮಕ್ಕಳನ್ನೇ ಹೆತ್ತಿದ್ದಾರೆ. ಮೇಲೆ ಹೇಳಿದ ಹೃದಯದೋಷದ ಅಂಕಿಯನ್ನೇ ತಿರುಗಿಸಿ ಓದಿದರೆ, ಹತ್ತು ಸಾವಿರ ಮಕ್ಕಳಲ್ಲಿ 9,990 ಮಕ್ಕಳಿಗೆ ಆ ದೋಷವಿರಲಿಲ್ಲ. ಮಾಡಬೇಕಾದುದು ಇಷ್ಟು: ಉಳಿದ ಮಾತ್ರೆಗಳನ್ನು ನಿಲ್ಲಿಸುವುದು, ಖಾಲಿಯಾದ ಸ್ಟ್ರಿಪ್ಪನ್ನು ಎಸೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯುವುದು, ಯಾವ ದಿನ ಎಷ್ಟು ನುಂಗಿದ್ದೆಂಬುದನ್ನು ತಾಯಿ ಕಾರ್ಡಿನಲ್ಲಿ ಬರೆಯಿಸುವುದು, 18ರಿಂದ 20ನೇ ವಾರದ ಸ್ಕ್ಯಾನನ್ನು ತಪ್ಪಿಸದಿರುವುದು. ವಾರಗಟ್ಟಲೆ ಮಾತ್ರೆ ಸೇವಿಸಿದ್ದರೆ ಸ್ತ್ರೀರೋಗ ತಜ್ಞರನ್ನು ಬೇಗನೆ ಕಾಣಬೇಕು. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ. ಗರ್ಭವನ್ನು ಉಳಿಸಿಕೊಳ್ಳುವ, ಉಳಿಸಿಕೊಳ್ಳದಿರುವ ನಿರ್ಧಾರ ಆ ಹೆಣ್ಣುಮಗಳದು. ಅದನ್ನು ಆಕೆ ವೈದ್ಯರೊಡನೆ ಕುಳಿತು ಮಾಡಬೇಕೇ ಹೊರತು ಅಂಗಡಿಯವರ ಅಥವಾ ನೆರೆಯವರ ಮಾತಿನ ಮೇಲಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಔಷಧವೆಂದರೆ ಕೂಸಿಗೆ ಕೆಡುಕೆಂದು ಭಾವಿಸಿ ಒಂಬತ್ತು ತಿಂಗಳೂ ತುರಿಕೆ ಸಹಿಸಿಕೊಳ್ಳುವವರಿದ್ದಾರೆ. ಡೆಟಾಲ್ ನೀರಿನಿಂದ ಒಳಗೆಲ್ಲ ತೊಳೆದು ಉರಿ ಹೆಚ್ಚಿಸಿಕೊಂಡವರೂ ಇದ್ದಾರೆ. ಇವೆರಡೂ ಬೇಕಿಲ್ಲ. ಅಲ್ಲದೆ, ಎಲ್ಲ ಬಿಳಿ ಸೆರಗೂ ಶಿಲೀಂಧ್ರವಲ್ಲ. ವಾಸನೆಯಿಲ್ಲದ, ತುರಿಕೆಯಿಲ್ಲದ ತೆಳು ಬಿಳಿ ಸ್ರಾವ ಗರ್ಭಾವಸ್ಥೆಯಲ್ಲಿ ಸಹಜ. ದುರ್ವಾಸನೆ, ಹಳದಿ ಅಥವಾ ಹಸಿರು ಬಣ್ಣ, ರಕ್ತ, ನೀರಿನಂತೆ ಹರಿಯುವ ಸ್ರಾವ, ಜ್ವರ, ಕೆಳಹೊಟ್ಟೆ ನೋವು ಇದ್ದಲ್ಲಿ ಮುಲಾಮಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮತ್ತೆ ಮತ್ತೆ ಶಿಲೀಂಧ್ರ ಸೋಂಕು ಬರುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಲೇಬೇಕು. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಮೊದಲು ಹೀಗೆಯೇ ಸುಳಿವು ಕೊಡಬಹುದು. ಇನ್ನು 2021ರಲ್ಲಿ ನಾವು ಕಂಡ ಕಪ್ಪು ಶಿಲೀಂಧ್ರದಂತಹ ಮಾರಕ ಸೋಂಕಿನ ಮಾತೇ ಬೇರೆ. ಅಲ್ಲಿ ತಾಯಿಯ ಜೀವ ಉಳಿಸುವುದು ಮೊದಲು. ಗರ್ಭಿಣಿಯರಿಗೂ ಕೊಡಬಹುದಾದ ಆಂಫೊಟೆರಿಸಿನ್ ಎಂಬ ಚುಚ್ಚುಮದ್ದು ಅದಕ್ಕಿದೆ.

ಪಂಚಾಯಿತಿಯಿಂದ ಆಗಬಹುದಾದುದು

ಸದಸ್ಯರು ವೈದ್ಯರಾಗಬೇಕಿಲ್ಲ, ಯಾವ ಮಾತ್ರೆಯನ್ನೂ ಸೂಚಿಸಬಾರದು, ಬಿಡಿಸಲೂಬಾರದು. ಆದರೆ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳುವ ಅಧಿಕಾರ ತಮಗಿದೆ. ಕ್ಲೋಟ್ರಿಮಜೋಲ್ 100 ಮಿಲಿಗ್ರಾಂ ಒಳಗಿಡುವ ಮಾತ್ರೆ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದು ನಮ್ಮ ಕೇಂದ್ರದ ದಾಸ್ತಾನಿನಲ್ಲಿ ಇಂದು ಎಷ್ಟಿದೆ, ಕೊನೆಯ ಬಾರಿ ಖಾಲಿಯಾದದ್ದು ಯಾವಾಗ, ಮತ್ತೆ ಬಂದದ್ದು ಯಾವಾಗ? ಮುಲಾಮು ಇಲ್ಲದ ಕೇಂದ್ರದಲ್ಲಿ ಕೈಗೆ ಸಿಕ್ಕ ಮಾತ್ರೆಯೇ ಔಷಧವಾಗುವ ಸಂಭವವಿರುವುದರಿಂದ ಈ ಪ್ರಶ್ನೆಗೆ ಬೆಲೆಯಿದೆ. ಹೊರರೋಗಿ ಕೊಠಡಿಯಲ್ಲಿ ಪರದೆ ಇದೆಯೇ? ಸರದಿಯಲ್ಲಿ ನಿಂತ ಇಪ್ಪತ್ತು ಜನರ ಕಿವಿಗೆ ಬೀಳುವಂತೆ "ಏನಮ್ಮಾ, ಎಲ್ಲಿ ತುರಿಕೆ?" ಎಂದು ಕೇಳುವಲ್ಲಿಗೆ ಯಾವ ಹೆಣ್ಣುಮಗಳೂ ಎರಡನೆಯ ಸಲ ಬರುವುದಿಲ್ಲ. ಒಂದು ಪರದೆಯ ಖರ್ಚು ಯಾವ ಅನುದಾನಕ್ಕೂ ಭಾರವಾಗದು. ಆಶಾ ಕಾರ್ಯಕರ್ತೆಯರ ಬಳಿ ನಿಶ್ಚಯ್ ಕಿಟ್ ಸಾಕಷ್ಟಿದೆಯೇ?

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ನಡೆಯುವ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕ ದಿನದಂದು ಗರ್ಭಿಣಿಯರನ್ನಷ್ಟೇ ಅಲ್ಲದೆ ಹೊಸದಾಗಿ ಮದುವೆಯಾದವರನ್ನೂ ಕರೆಸುವಂತೆ ಮಹಿಳಾ ಸದಸ್ಯರು ಆಶಾ ಕಾರ್ಯಕರ್ತೆಯರಿಗೆ ತಿಳಿಸಬಹುದು. ಮೊದಲ ವಾರಗಳ ಎಚ್ಚರಿಕೆ ತಲಪಬೇಕಾದುದು ಅವರಿಗೆ. ಫೋಲಿಕ್ ಆಮ್ಲದ ಮಾತ್ರೆಯ ವಿಷಯವನ್ನೂ ಅಂದೇ ಹೇಳಿದರೆ ಒಂದೇ ಕೂಟದಲ್ಲಿ ಎರಡು ಕೆಲಸವಾಗುತ್ತದೆ. ಊರಿನ ಔಷಧ ಅಂಗಡಿಯವರನ್ನು ಗದರಿಸುವುದಕ್ಕಿಂತ ಕರೆದು ಕೂರಿಸಿ, ಹೆಣ್ಣುಮಕ್ಕಳಿಗೆ ಫಂಗಸ್ ಮಾತ್ರೆ ಚೀಟಿಯಿಲ್ಲದೆ ಕೊಡದಂತೆ, ಚೀಟಿ ತಂದವರಿಗೂ ಮುಟ್ಟಿನ ವಿಚಾರ ನೆನಪಿಸುವಂತೆ ಕೇಳಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಅವರೂ ನಮ್ಮ ಊರಿನವರೇ. ಕೇಳದಿದ್ದಲ್ಲಿ ಔಷಧ ನಿಯಂತ್ರಣ ಇಲಾಖೆಗೆ, ಅರ್ಹತೆಯಿಲ್ಲದವರು ಚಿಕಿತ್ಸೆ ನೀಡುತ್ತಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.

ರಾತ್ರಿ ಹೊತ್ತಿನಲ್ಲಿ ಅಥವಾ ವೈದ್ಯರು ಸಿಗದಿದ್ದಾಗ ಮಾತ್ರೆಯ ಬಗ್ಗೆ ಸಂದೇಹ ಬಂದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ವಿಚಾರಿಸಬಹುದು. ಕರೆ ಮಾಡುವಾಗ ಸ್ಟ್ರಿಪ್ಪಿನ ಮೇಲೆ ಮುದ್ರಿತವಾದ ಔಷಧದ ಹೆಸರು, ಮಿಲಿಗ್ರಾಂ ಮತ್ತು ಕೊನೆಯ ಮುಟ್ಟಿನ ತಾರೀಖು, ಈ ಮೂರನ್ನು ಕೈಯಲ್ಲಿಟ್ಟುಕೊಂಡಿರುವಂತೆ ತಿಳಿಸಬೇಕು.